ದಾರ ಕಡಿಯುವ ಹಲ್ಲು

ನೀವು ತೊಟ್ಟಿರುವ ಅಂಗಿಯ ದಾರವನ್ನು ಯಾರೋ ಹಲ್ಲಿನಿಂದ ಕಡಿದಿದ್ದಾರೆ. ಗೊತ್ತಿರಲಿಲ್ಲ ಅನ್ನಬೇಡಿ, ಹೊಲಿಗೆ ಅಂಗಡಿಯ ಹೊಸ್ತಿಲು ತುಳಿದವರೆಲ್ಲ ನೋಡಿಯೇ ಇರುತ್ತೀರಿ.

ನಾನು ಹೇಳುತ್ತಿರುವ ಅಂಗಡಿಯಲ್ಲಿ ಹೊಲಿಯುವ ಹುಡುಗಿಯರು ನಾಲ್ವರು, ಕತ್ತರಿ ಒಂದೇ. ಅದೂ ಕಳೆದುಹೋಗದಂತೆ ಮಾಸ್ಟರ್ ತಮ್ಮ ಮೇಜಿಗೆ ಕಟ್ಟಿಹಾಕಿದ್ದು. ಎದ್ದು ಹೋಗಿ ಬರುವಷ್ಟರಲ್ಲಿ ಎರಡು ಗುಂಡಿ ಹಚ್ಚಬಹುದಲ್ಲ, ಹಾಗಾಗಿ ಹಲ್ಲೇ ಕತ್ತರಿ. ಅವರಲ್ಲಿ ಹದಿನಾಲ್ಕಕ್ಕೆ ಬಂದು ಸೇರಿದ ಒಬ್ಬಳಿಗೆ ಹದಿನೇಳು ತುಂಬುವ ಹೊತ್ತಿಗೆ ಮುಂದಿನ ಹಲ್ಲಿನಲ್ಲಿ ದಾರ ಕೂರುವಷ್ಟು ಕಚ್ಚು ಬಿದ್ದಿತ್ತು. ಕಚ್ಚಿನೊಳಗೆ ಹುಳುಕು, ಸುತ್ತ ಕಪ್ಪು. ನಗು ಬಂದರೆ ಅಂಗೈ ಅಡ್ಡ, ಮಾತು ಬಂದರೆ ತಲೆ ತಗ್ಗು. ಜೊತೆಯವರು ಮೂಗಿ ಎಂದು ಹೆಸರಿಟ್ಟರು.

ಮೂಗಿಗೆ ಇದ್ದದ್ದು ಒಂದೇ ಆಸೆ, ಅಳತೆ ತೆಗೆಯುವ ಕೆಲಸ. ಟೇಪು ಕೊರಳಿಗೆ ಬಿದ್ದ ಮೇಲೇ ಅಲ್ಲವೇ ದರ್ಜಿ ಅನ್ನಿಸಿಕೊಳ್ಳುವುದು? ಆದರೆ ಅಳತೆಗೆ ಎರಡೂ ಕೈ ಬೇಕು, ಅಂಕಿಯನ್ನು ಮಾಸ್ಟರ್ ಮೇಜಿನವರೆಗೆ ಕೂಗಬೇಕು. ಬಾಯಿ ಮುಚ್ಚಲು ಮೂರನೆಯ ಕೈ ಎಲ್ಲಿಂದ ತರುವುದು? ಮನೆಯಲ್ಲಿ ಅಜ್ಜಿಯನ್ನು ನಿಲ್ಲಿಸಿ ಅಳೆದು ಅಳೆದೇ ಟೇಪಿನ ಅಂಕಿಗಳು ಸವೆದಿದ್ದವು.

"ಇನ್ನೆಷ್ಟು ಸಲ ಅಳೀತೀಯೇ, ನಾನೇನು ಬೆಳೀತಾ ಇದೀನಾ?" ಎಂದು ಅಜ್ಜಿ ರೇಗುತ್ತಿದ್ದಳು.

ಶಾಲೆ ಸಮವಸ್ತ್ರದ ಗಡಿಬಿಡಿಯಲ್ಲೇ ಅಂಗಡಿಯಲ್ಲಿ ಅಳತೆ ತೆಗೆಯುತ್ತಿದ್ದ ಅಕ್ಕ ಕೆಲಸ ಬಿಟ್ಟಳು. ಬಾಗಿಲಾಚೆಗೂ ಮಕ್ಕಳ ಸಾಲು. ಮಾಸ್ಟರ್ ಉಳಿದ ಮೂವರ ಮುಖ ನೋಡಿದರು, ಇವಳೊಬ್ಬಳದನ್ನು ಬಿಟ್ಟು. ಅದೇ ಇವಳನ್ನು ಕೆರಳಿಸಿತು. ಎದ್ದವಳೇ ಟೇಪು ಎತ್ತಿಕೊಂಡು ಮೊದಲ ಮಗುವಿನ ಎದೆಗೆ ಸುತ್ತಿ, ಇಪ್ಪತ್ತಾರು ಎಂದು ಕೂಗಿದಳು.

"ಅಕ್ಕಾ, ನಿಮ್ಮ ಹಲ್ಲಿಗೆ ಏನಾಯ್ತು?" ಮಗು ಕೇಳಿಯೇಬಿಟ್ಟಿತು.

ಮೂರು ಮಿಷಿನ್ನೂ ನಿಂತವು. ಕೈ ಬಾಯಿಗೆ ಏಳಬೇಕು, ಟೇಪು ಬಿಡುವಂತಿಲ್ಲ.

"ನಿಮ್ಮೆಲ್ಲರ ಅಂಗಿ ದಾರ ಕಡಿದು ಹೀಗಾಯ್ತು ಪುಟ್ಟಾ. ನೆಟ್ಟಗೆ ನಿಂತ್ಕೋ. ತೋಳು ಹದಿನಾರು."

ಮಗು ತನ್ನ ಬಿದ್ದ ಹಾಲುಹಲ್ಲಿನ ಜಾಗ ತೋರಿಸಿ ನಕ್ಕಿತು. ಇವಳೂ ನಕ್ಕಳು, ಅಂಗೈ ಅಡ್ಡವಿಲ್ಲದೆ, ಎಷ್ಟೋ ದಿನಗಳಲ್ಲಿ ಮೊದಲ ಸಲ. ಆಮೇಲೆ ನಲವತ್ತು ಮಕ್ಕಳ ಅಳತೆ ಅದೇ ಗಂಟಲಲ್ಲಿ ಆಯಿತು.

ಸಂಜೆ ಮಾಸ್ಟರ್ ಬಂದು, ನಾಳೆಯಿಂದ ಟೇಪು ನಿನ್ನದೇ ಎಂದರು.

"ಆಗ್ಲಿ ಮಾಸ್ಟರ್. ಆದ್ರೆ ಗುರುವಾರ ಬೆಳಗ್ಗೆ ರಜಾ ಬೇಕು, ಹಲ್ಲಿನ ಡಾಕ್ಟರು ಇರೋದು ಅವತ್ತೇ. ಸಂಬಳ ಹಿಡೀಬಾರ್ದು. ಮತ್ತೆ, ಮಿಷಿನ್‌ಗೊಂದು ಕತ್ತರಿ."

"ಇಷ್ಟೊಂದು ಮಾತು ಇಷ್ಟು ದಿನ ಎಲ್ಲಿಟ್ಟಿದ್ದೆ ತಾಯಿ?"

"ಈ ಹಲ್ಲಿನ ಹಿಂದೆ."

ಗುರುವಾರ ಹಲ್ಲು ತುಂಬಿಸಿಕೊಂಡು ಬಂದಳು. ಹಿಡಿದದ್ದು ಮುಕ್ಕಾಲು ಗಂಟೆ. ಇಷ್ಟು ದಿನದ ನಾಚಿಕೆಯನ್ನು ಅಷ್ಟರಲ್ಲಿ ಮುಗಿಸಬಹುದಿತ್ತು, ಯಾರಾದರೂ ಒಂದು ಬೆಳಗಿನ ಬಿಡುವು ಕೊಟ್ಟಿದ್ದರೆ. ಈಗ ಅಲ್ಲಿ ನಾಲ್ಕು ಮಿಷಿನ್ನಿಗೆ ನಾಲ್ಕು ಕತ್ತರಿ. ಇವಳ ದನಿ ಬೀದಿಯ ತಿರುವಿನವರೆಗೆ ಕೇಳುತ್ತದೆ.

ನಿಮ್ಮ ಕೈಕೆಳಗೂ ಬಾಯಿ ಮುಚ್ಚಿಕೊಂಡು ನಗುವ ಒಂದು ಎಳೆಯ ಜೀವ ಇದ್ದೀತು. ಪಾಪ, ನಾಚಿಕೆ ಸ್ವಭಾವ ಎಂದು ಮೆಚ್ಚಿಕೊಂಡು ಕೂರಬೇಡಿ. ಹಲ್ಲು ತೋರಿಸಿಕೊಂಡು ಬರಲಿ, ಈ ವಾರವೇ ಸಂಬಳ ಹಿಡಿಯದೆ ಒಂದು ಬೆಳಗಿನ ಬಿಡುವು ಕೊಡಿ.