ಇಂಗಿನ ಡಬ್ಬಿಯೊಳಗಿನ ಮಾತ್ರೆ

ನಮ್ಮವರಿಗೆ ಹೃದಯಾಘಾತವಾದದ್ದು ತೊಂಬತ್ತರ ದಶಕದ ಕೊನೆಯಲ್ಲಿ, ರಜೆಗೆಂದು ಧಾರವಾಡಕ್ಕೆ ಹೋಗಿದ್ದಾಗ. ಬೆಂಗಳೂರಿನಲ್ಲಿ ಸ್ಟೆಂಟ್ ಹಾಕಿ ಕಳಿಸಿದರು. ಮಾತ್ರೆ ಒಂದು ದಿನವೂ ತಪ್ಪಕೂಡದು, ತಪ್ಪಿದರೆ ಸ್ಟೆಂಟಿನೊಳಗೆ ರಕ್ತ ಹೆಪ್ಪುಗಟ್ಟೀತು ಎಂದು ಡಾಕ್ಟರು ನನ್ನನ್ನೇ ಕರೆದು ಹೇಳಿದ್ದರು.

ಆಗ ನಾವಿದ್ದ ವಿಜಯವಾಡಕ್ಕೆ ಮರಳಿದ ಮೇಲೆ ಬ್ಯಾಂಕಿನಲ್ಲಿ ಇವರು ಹೇಳಿದ್ದು ಕಾಮಾಲೆ ಎಂದು. ಪ್ರಮೋಷನ್ ಹತ್ತಿರವಿತ್ತು, ಹೃದಯದ ರೋಗಿಗೆ ಮ್ಯಾನೇಜರ್ ಕುರ್ಚಿ ಯಾರು ಕೊಡುತ್ತಾರೆ? ಅಲ್ಲಿಯ ಪಟಮಟ ಬಡಾವಣೆಯಲ್ಲಿ ನಮ್ಮ ಪಕ್ಕದ ಮನೆಯಾಕೆ ಅದನ್ನು ನಂಬಿ, ಪಾಪ, ದಿನಾ ಬೆಳಿಗ್ಗೆ ನೆಲನೆಲ್ಲಿ ಅರೆದು ರಸ ತಂದುಕೊಡುತ್ತಿದ್ದರು. ಸುಳ್ಳಿಗೆ ತಕ್ಕ ಶಾಸ್ತಿ ಎಂದು ನಾನು ಲೋಟ ಮುಂದಿಡುತ್ತಿದ್ದೆ, ಇವರು ಮುಖ ಕಿವುಚಿ ಕುಡಿಯುತ್ತಿದ್ದರು. ಮಾತ್ರೆಗಳು ಡಾಕ್ಟರ ಚೀಟಿಯ ಸಮೇತ ಅಡುಗೆಮನೆಯ ಇಂಗಿನ ಡಬ್ಬಿ ಸೇರಿದವು. ಮನೆಗೆ ಬರುವ ಬ್ಯಾಂಕಿನವರ ಕಣ್ಣಿಗೆ ಬೀಳಬಾರದಲ್ಲ.

ಅಷ್ಟರಲ್ಲಿ ವಿಶಾಖಪಟ್ಟಣಕ್ಕೆ ವರ್ಗವಾಯಿತು. ಅದು ಎಂಟನೆಯ ವರ್ಗ. ಸಾಮಾನು ಕಟ್ಟುವುದರಲ್ಲಿ ನಾನು ಪಳಗಿದವಳು. ದೇವರ ಪೆಟ್ಟಿಗೆ, ಹಾಲಿನ ಪಾತ್ರೆ, ಚಹಾಪುಡಿ ನಮ್ಮ ಜೊತೆಗೆ, ಮಿಕ್ಕದ್ದೆಲ್ಲ ಲಾರಿಗೆ. ಇಂಗಿನ ಡಬ್ಬಿಯೂ ಲಾರಿಗೇ ಹೋಯಿತು. ಕೈ ಅಭ್ಯಾಸಬಲದಿಂದ ಕಟ್ಟಿತ್ತು, ತಲೆ ಎಲ್ಲೋ ಇತ್ತು.

ಲಾರಿ ದಾರಿಯಲ್ಲಿ ಕೆಟ್ಟು ನಿಂತಿತು. ಮೊದಲೇ ವಿಶಾಖಪಟ್ಟಣ ತಲುಪಿದ್ದ ನಾನು ಔಷಧಿ ಅಂಗಡಿಗೆ ಓಡಿದರೆ, ಅಂಗಡಿಯವನು ಮಾತ್ರೆಯ ಹೆಸರು ಕೇಳಿದ. ಬೆಳಿಗ್ಗೆ ಬಿಳಿಯದು, ರಾತ್ರಿ ಹಳದಿಯದು ಎನ್ನುವುದರಾಚೆ ನನಗೆ ಗೊತ್ತಿರಲಿಲ್ಲ. ಇಲ್ಲಿಯ ಡಾಕ್ಟರಿಗೆ ತೋರಿಸೋಣ, ಬೆಂಗಳೂರಿಗೆ ಫೋನ್ ಮಾಡೋಣ ಎಂದು ಇವರಿಗೆ ಗೋಗರೆದೆ.

"ಬಂದ ದಿನಾನ ದವಾಖಾನಿಗೆ ಹೋದ್ರ ಬ್ಯಾಂಕಿನವ್ರಿಗೆ ಗೊತ್ತಾಗ್ತದ. ಎರಡು ದಿನಕ್ಕ ಏನಾಗ್ತದ?"

ನಾಲ್ಕನೆಯ ದಿನ ಬ್ಯಾಂಕಿನಲ್ಲೇ ಕುಸಿದರು. ಆಸ್ಪತ್ರೆಯಲ್ಲಿ ಡಾಕ್ಟರು, ಮೊದಲೇನಾದರೂ ಹೃದಯದ ತೊಂದರೆ ಇತ್ತೇ ಎಂದು ನನ್ನನ್ನು ಕೇಳಿದಾಗ ಇವರ ಮೇಲಧಿಕಾರಿ ಪಕ್ಕದಲ್ಲೇ ನಿಂತಿದ್ದರು. ಮಂಚದ ಮೇಲಿಂದ ಇವರು ನನ್ನನ್ನೇ ನೋಡುತ್ತ, ಹೇಳಬೇಡ ಎಂದು ತಲೆಯಾಡಿಸಿದರು. ಆ ಸ್ಥಿತಿಯಲ್ಲೂ. ನನಗೆ ಮೈಯೆಲ್ಲ ಉರಿದುಹೋಯಿತು. ಸ್ಟೆಂಟ್ ಹಾಕಿದ್ದಾರೆ, ನಾಲ್ಕು ದಿನದಿಂದ ಮಾತ್ರೆ ಇಲ್ಲ ಎಂದು ಗಟ್ಟಿಯಾಗಿಯೇ ಹೇಳಿದೆ.

ಬದುಕಿಕೊಂಡರು. ಪ್ರಮೋಷನ್ ಬರಲಿಲ್ಲ. ಲಾರಿ ಇವರು ಕುಸಿದ ಮರುದಿನವೇ ಬಂದಿತ್ತು, ಡಬ್ಬಿ ಇದ್ದ ಹಾಗೇ ಇತ್ತು.

ಆಸ್ಪತ್ರೆಯಿಂದ ಮನೆಗೆ ಬಂದು ಕೂತವರು ಅಂದರು: "ನನ್ನ ಪ್ರಮೋಷನ್ ನೀನ ಹಾಳ ಮಾಡಿದಿ."

ಡಬ್ಬಿ ಲಾರಿಗೆ ಹಾಕಿದ್ದಕ್ಕೆ ಬೈದಿದ್ದರೆ ತಲೆ ತಗ್ಗಿಸಿ ಕೇಳುತ್ತಿದ್ದೆ. ಆ ತಪ್ಪು ಇಂದಿಗೂ ನನ್ನನ್ನು ಕೊರೆಯುತ್ತದೆ. ಅದನ್ನು ಇವರು ಒಮ್ಮೆಯೂ ಎತ್ತಲಿಲ್ಲ. ಬೈದದ್ದು, ಜೀವ ಉಳಿಸಿದ ಆ ಮಾತಿಗೆ. ನಾನು ಬಿಳಿ ಮಾತ್ರೆ, ನೀರು ಮುಂದೆ ಹಿಡಿದೆ. ಅದನ್ನು ಮಾತ್ರ ತಕರಾರಿಲ್ಲದೆ ನುಂಗಿದರು.