ಬೀಗರ ಜೇಬಿನ ಊದುಬತ್ತಿ

ಬೇರೆ ಗಂಡಸರು ಪೆನ್ನು ಸಿಕ್ಕಿಸಿಕೊಳ್ಳುವ ಜೇಬಿನಲ್ಲಿ ನಮ್ಮ ಬೀಗರು ಊದುಬತ್ತಿ ಸಿಕ್ಕಿಸಿಕೊಳ್ಳುತ್ತಿದ್ದರು. ಯಾವಾಗಲೂ ನಾಲ್ಕೈದು ಕಡ್ಡಿ, ಜೊತೆಗೊಂದು ಬೆಂಕಿಪೊಟ್ಟಣ. ಮುಂಗೈ ಮೇಲೆಲ್ಲ ಕಿಡಿ ಸಿಡಿದು ಸುಟ್ಟ ಚುಕ್ಕೆಗಳು. ನನ್ನ ಸೊಸೆಯ ಅಪ್ಪ ಅವರು. ಭದ್ರಾವತಿಯ ಕಾರ್ಖಾನೆಯಲ್ಲಿ ಕುಲುಮೆ ಮುಂದೆ ನಿಂತು ನಿಂತು ರಿಟೈರ್ ಆದವರು. ಹತ್ತಿರ ಬಂದರೆ ದೇವರ ಕೋಣೆಯ ವಾಸನೆ. ಆದರೆ ದೇವರಿಗೆ ಅವರು ಒಂದು ಕಡ್ಡಿ ಹಚ್ಚಿದ್ದನ್ನೂ ನಾನು ಕಂಡಿಲ್ಲ.

ಯಾರ ಮನೆಗೆ ಹೋದರೂ ನಡುಮನೆಯಲ್ಲಿ ನಿಂತು ಒಂದು ಕಡ್ಡಿ ಹಚ್ಚುವರು. "ಮೊದ್ಲು ಹೊಗೆ ಎತ್ಲಾಗ್ ಹೋಗ್ತದೆ ನೋಡಿ" ಎನ್ನುವರು. ಹೊಗೆ ಬಾಗಿದರೆ ಗಾಳಿ ಆಡುತ್ತದೆ ಎಂದು ಲೆಕ್ಕ. ನೆಟ್ಟಗೆ ಮೇಲಕ್ಕೆ ಹೋದರೆ, "ಇದು ಮನೆ ಅಲ್ಲ, ಡಬ್ಬಿ" ಎಂದು ಮನೆಯವರ ಮುಖಕ್ಕೇ ಹೇಳಿಬಿಡುವರು. ಅಷ್ಟಾದ ಮೇಲೂ ಕಾಫಿ ಕೊಟ್ಟರೆ ಕುಡಿಯುವರು.

ದುರ್ಗಿಗುಡಿಯ ನಮ್ಮ ಹಳೇ ಮನೆ ರಿಪೇರಿಗೆ ಬಂತು. ಬೇಸಿಗೆಯಲ್ಲಿ ಒಳಗೆ ಕಾದ ಕಾವಲಿ. ಮಗ ಎಸಿ ಹಾಕಿಸೋಣ ಎಂದ.

"ಅಳಿಯಂದ್ರೇ, ಬಿಸ್ಲಿಗೆ ಬಾಗ್ಲು ತೆಗ್ದು ಒಳಗ್ ಕೂರ್ಸೋದು, ಆಮೇಲೆ ಅದನ್ನ ಓಡ್ಸಕ್ಕೆ ಕರೆಂಟ್ ಬಿಲ್ ಕಟ್ಟೋದು. ಬುದ್ಧಿ ಇರೋರು ಮಾಡೋ ಕೆಲ್ಸನಾ?" ಎಂದರು ಬೀಗರು. ಅಂದಿನಿಂದ ಮನೆ ನಮ್ಮದು, ಯಜಮಾನಿಕೆ ಅವರದು.

ದಿನಾ ಬೆಳಿಗ್ಗೆ ಬಸ್ಸಿನಲ್ಲಿ ಬಂದು ಇಳಿಯುವರು. ತಾರಸಿಗೆ ಬಿಳಿ ಸುಣ್ಣ ಬಳಿಸಿದರು. ಅಡುಗೆಮನೆಯ ಮೇಲ್ಗೋಡೆಗೆ ತೂತಿನ ಇಟ್ಟಿಗೆ ಇಡಿಸಿದರು. ಹೊಸ ಬಾಗಿಲು ದಂಡ ಎಂದು ಭದ್ರಾವತಿಯಲ್ಲಿ ಯಾರದೋ ಮನೆ ಕೆಡವಿದ ಕಡೆಯಿಂದ ತೇಗದ ಬಾಗಿಲು ತಂದರು. ಬಾಗಿಲು ಗಟ್ಟಿ, ಆದರೆ ಗಿಡ್ಡ. ಮೊದಲ ದಿನವೇ ಮಗನ ಹಣೆ ಊದಿತು.

"ಇರ್ಲಿ ಬಿಡಿ. ಮಾವ ತಂದ ಬಾಗ್ಲಲ್ಲಿ ತಲೆ ತಗ್ಗಿಸಿ ಬಂದ್ರೆ ಅಳಿಯನಿಗೇನೂ ಕಮ್ಮಿ ಆಗಲ್ಲ" ಎಂದರು.

ಇದನ್ನೆಲ್ಲ ನಾನು ಸಹಿಸಿದೆ. ಜಗಳ ಬಂದದ್ದು ನನ್ನ ಕಿಟಕಿಗೆ.

ಬೀದಿ ಕಡೆ, ಪಡುವಣ ಗೋಡೆಗೆ ಒಂದು ದೊಡ್ಡ ಕಿಟಕಿ. ಮಂಡಿ ಹೋದ ಮೇಲೆ ನಾನು ಹೊಸಲು ದಾಟುವುದು ಅಪರೂಪ. ಆ ಕಿಟಕಿಯೇ ನನ್ನ ಪೇಟೆ, ನನ್ನ ಗುಡಿ, ನನ್ನ ಟೀವಿ. ಅದನ್ನು ಇಟ್ಟಿಗೆ ಕಟ್ಟಿ ಮುಚ್ಚಿಸಬೇಕು, ಮಧ್ಯಾಹ್ನದ ಬಿಸಿಲೆಲ್ಲ ಅಲ್ಲಿಂದಲೇ ನುಗ್ಗುತ್ತದೆ ಎಂದು ಬೀಗರು ಹಟ ಹಿಡಿದರು. ಮಗ ಹೂಂ ಎಂದ. ಸೊಸೆ ಪಾತ್ರೆ ತೊಳೆಯಲು ಒಳಗೆ ಹೋದಳು. ಅವಳು ಬಾಯಿ ಬಿಟ್ಟರೆ ಒಂದೋ ಅಪ್ಪನಿಗೆ ಸಿಟ್ಟು, ಇಲ್ಲವೋ ಅತ್ತೆಗೆ.

ನೆಂಟರನ್ನು ಬೈಯಬಹುದು, ಬೀಗರನ್ನು ಬೈಯುವ ಹಾಗಿಲ್ಲ. ಬೀಗರೂ ಬೀಗರ ಮನೆಯಲ್ಲಿ ಬಡಿಸಿದ್ದನ್ನು ಬೇಡ ಎನ್ನುವ ಹಾಗಿಲ್ಲ. ಮೇಸ್ತ್ರಿ ಇಟ್ಟಿಗೆ ತರುವ ದಿನ ನಾನು ಹೋಳಿಗೆ ಮಾಡಿದೆ. ಎಲೆಗೆ ಹಾಕುತ್ತಲೇ ಹೋದೆ, ತುಪ್ಪ ಸುರಿಯುತ್ತಲೇ ಹೋದೆ. ಪಾಪ, ಮರ್ಯಾದಸ್ಥರು, ತಿಂದರು. ಊಟವಾಗಿ ಗೋಡೆಗೆ ಒರಗಿದವರು ಅಲ್ಲೇ ಗೊರಕೆ ಹೊಡೆದರು. ಅಷ್ಟರಲ್ಲಿ ಮೇಸ್ತ್ರಿ ಬಂದ. ನಾನು ಅವನಿಗೂ ಎರಡು ಹೋಳಿಗೆ ಕೊಟ್ಟು ಕಳಿಸಿದೆ.

ಎದ್ದವರು ಮೊದಲು ನೋಡಿದ್ದೇ ಕಿಟಕಿ.

"ಮೇಸ್ತ್ರಿ ಬರ್ಲಿಲ್ವಾ ಅಕ್ಕಾರೇ?"

"ಬಂದಿದ್ದ. ನೀವು ಬೇಡ ಅಂದ್ರಿ ಅಂತ ಕಳಿಸ್ದೆ."

"ನಾನ್ಯಾವಾಗ ಅಂದೆ?"

"ನಿದ್ದೇಲಿ."

ಅವರ ಮುಖ ಕೆಂಪಾಯಿತು. ಬೈಯುವ ಹಾಗಿಲ್ಲವಲ್ಲ. "ನೋಡಿ, ಈ ಬಿಸ್ಲಲ್ಲಿ ಇಲ್ಲಿ ಮನುಷ್ಯರು ಕೂರಕ್ಕಾಗಲ್ಲ. ಅದನ್ನ ತೋರ್ಸಕ್ಕೇ ನಾನೀಗ ಕೂರ್ತೀನಿ" ಎಂದು ಕಿಟಕಿ ಪಕ್ಕದ ನನ್ನ ಕುರ್ಚಿಯಲ್ಲಿ ಕೂತುಬಿಟ್ಟರು.

ಬೆವರು ಕತ್ತಿನಿಂದ ಇಳಿಯತೊಡಗಿತು. ಹೂವಿನವಳು ಬಂದು ಕಿಟಕಿಯಲ್ಲಿ ಇಣುಕಿದಳು.

"ಅಜ್ಜಿ ಎಲ್ಲಿ? ನೀವ್ಯಾರು?"

"ಅವರ ಬೀಗ್ರು."

"ಓ, ಕಿಟ್ಕಿ ಮುಚ್ಸೋರು" ಎಂದಳು.

ಆಮೇಲೆ ಗಂಡ ಹೆಂಡತಿ ಸ್ಕೂಟರಿನಲ್ಲಿ ಬಂದರು. ಮಾತಿಗೆ ಮಾತು ಬೆಳೆದು ಹೆಂಡತಿ ಇಳಿದು ನಡೆದೇಬಿಟ್ಟಳು. ಗಂಡ ಗಾಡಿ ತಳ್ಳುತ್ತಾ ಪಕ್ಕದಲ್ಲೇ, "ಹತ್ತೇ ಮಾರಾಯ್ತಿ, ಜನ ನೋಡ್ತಾರೆ" ಎನ್ನುತ್ತಾ ಹೋದ. ಜನ ಅಂದರೆ ನಮ್ಮ ಬೀಗರೇ. ಕಂಬಿಗೆ ಕೆನ್ನೆ ಒತ್ತಿ, ತಿರುವು ದಾಟುವ ತನಕ ನೋಡಿದರು. ಬಿಸಿಲು ಇಳಿಯಿತು. ಏಳಲಿಲ್ಲ. ನಾನು ಕಾಫಿ ಕೊಟ್ಟೆ. ಕುಡಿದು ಸಂಜೆ ಬಸ್ಸಿಗೆ ಹೋದರು.

ಮಾರನೆಯ ದಿನ ಅವರು ಬರಲಿಲ್ಲ, ಫೋನು ಬಂತು. ಕಿಟಕಿಯ ತೀರ್ಮಾನ ಬಂತು ಎಂದುಕೊಂಡೆ.

"ಅಕ್ಕಾರೇ, ಆ ಹೆಂಗ್ಸು ಗಾಡಿ ಹತ್ತಿದ್ಲಾ?"

"ಹತ್ತಿದ್ಲು. ತಿರುಗಾ ಹೋಗ್ವಾಗ ನೋಡ್ದೆ."

"ಒಳ್ಳೇದಾಯ್ತು" ಎಂದು ಇಟ್ಟರು.

ಆ ವಾರವೇ ಭದ್ರಾವತಿಯಲ್ಲಿ ಹಳೇ ಸರಳು ಬೆಸೆದು ಒಂದು ಚೌಕಟ್ಟು ಮಾಡಿಸಿ ಬಸ್ಸಿನಲ್ಲಿ ಹೊತ್ತು ತಂದರು. ಕಂಡಕ್ಟರ್ ಅದಕ್ಕೂ ಟಿಕೆಟ್ ಹರಿದನಂತೆ. ಹಾಗಾದರೆ ಅದಕ್ಕೆ ಸೀಟು ಕೊಡು ಎಂದು ದಾರಿಯುದ್ದಕ್ಕೂ ಜಗಳವಾಡಿಕೊಂಡೇ ಬಂದಿದ್ದರು. ಅದನ್ನು ಕಿಟಕಿಯ ಹೊರಗೆ ನಿಲ್ಲಿಸಿ ತೊಂಡೆ ಬಳ್ಳಿ ಹಬ್ಬಿಸಿದರು. ಸೋತೆ ಎನ್ನಲಿಲ್ಲ. ಒಂದು ಕಡ್ಡಿ ಹಚ್ಚಿ ಹೊಗೆ ತೋರಿಸಿ, "ಗಾಳಿನೂ ಇಲ್ಲಿಂದ್ಲೇ ಬರ್ತದೆ, ಅದಕ್ಕೆ ಬಿಟ್ಟಿದೀನಿ" ಎಂದರು.

ಮುಂದಿನ ಬೇಸಿಗೆಗೆ ಎಲೆ ದಟ್ಟವಾಯಿತು. ಒಳಗೆ ತಂಪು, ಫ್ಯಾನು ಸಾಕು. ಬಳ್ಳಿ ಸಂದಿನಿಂದ ಬೀದಿಯೆಲ್ಲ ನನಗೆ ಕಾಣುತ್ತದೆ, ಬೀದಿಗೆ ನಾನು ಕಾಣುವುದಿಲ್ಲ. ಮೊದಲಿಗಿಂತ ಇದೇ ವಾಸಿ. ಇದನ್ನು ಅವರಿಗೆ ಹೇಳಲಿಲ್ಲ. ಹೇಳಿದ್ದರೆ ಇನ್ನೊಂದು ಗಿಡ್ಡ ಬಾಗಿಲು ತರುತ್ತಿದ್ದರು. ತೊಂಡೆಕಾಯಿ ಮಾತ್ರ ಚೀಲ ತುಂಬ ಕಳಿಸುತ್ತಿದ್ದೆ.

ಹೋದ ಚಳಿಗಾಲದಲ್ಲಿ ಊಟ ಮಾಡಿ ಮಲಗಿದವರು ಏಳಲಿಲ್ಲ. ಅವತ್ತಿನ ಊಟ ನಮ್ಮ ಮನೆಯದಲ್ಲ.

ಮಂಡಿ ನೋವು ಎಂದು ಮದುವೆಗಳಿಗೇ ಹೋಗದ ನಾನು ಭದ್ರಾವತಿಗೆ ಹೋದೆ. ಬೀಗರನ್ನು ವಿಭೂತಿ ಹಚ್ಚಿ ಗೋಡೆಗೆ ಒರಗಿಸಿ ಕೂರಿಸಿದ್ದರು. ಮುಂದೆ ಕಟ್ಟುಗಟ್ಟಲೆ ಊದುಬತ್ತಿ. ಜನವೋ ಜನ, ಎರಡೂ ಕಡೆ ಕಿಟಕಿಗೆ ಬೆನ್ನು ಕೊಟ್ಟು ನಿಂತಿದ್ದರು. ಸೊಸೆ ಅವರ ಕಾಲ ಬಳಿ ಅಳುತ್ತಿದ್ದಳು. ಹೊಗೆ ಅಲ್ಲಾಡದೆ ನೆಟ್ಟಗೆ ಸೂರಿಗೆ ಹೋಗುತ್ತಿತ್ತು. ನನಗೆ ತಡೆಯಲಾಗಲಿಲ್ಲ.

"ಕಿಟ್ಕಿ ಬಿಟ್ಟು ಆಚೆ ಸರೀರಪ್ಪಾ" ಎಂದೆ. "ಇವ್ರನ್ನ ಡಬ್ಬಿಯೊಳಗೆ ಕೂರ್ಸಿದೀರಲ್ಲ."

ಅಳುತ್ತಿದ್ದ ಸೊಸೆ ನಕ್ಕುಬಿಟ್ಟಳು. ಜನ ಸರಿದರು, ಯಾರೋ ಕಿಟಕಿ ತೆಗೆದರು. ಹೊಗೆ ಒಂದು ಗಳಿಗೆ ತಡವರಿಸಿ, ಆಮೇಲೆ ಬಾಗಿ, ಬೀಗರ ಮುಖದ ಮುಂದೆ ಹಾದು ಹೊರಗೆ ಹೋಯಿತು. ಅದು ಎತ್ತ ಹೋಗುತ್ತದೆ ಎಂದು ನೋಡಿಕೊಂಡು ನಾನು ಕೂತೆ.