ಆಗ್ನೇಯ ಮೂಲೆಯ ಜ್ಯಾಕ್

ಎರಡು ವರ್ಷಗಳ ಹಿಂದಿನ ಮೇ ತಿಂಗಳ ಕೊನೆಯ ಸೋಮವಾರ, ಬೆಳಿಗ್ಗೆ ಏಳು ಗಂಟೆ. ಸ್ಥಳ ಉದ್ಯಾವರ, ಹೆದ್ದಾರಿಯ ಬದಿ. ಹಾಜರಿದ್ದವರು: ಮನೆಯ ಯಜಮಾನ ದಾಮೋದರ, ಅವರ ಹೆಂಡತಿ ಸುಗಂಧಿ, ಹರಿಯಾಣದ ಮೇಸ್ತ್ರಿ ರಾಮ್‌ಕುಮಾರ್, ಅವನ ತಂಡ ಮತ್ತು ನಾನು. ಮಣಿಪಾಲದ ಒಂದು ಕಾಲೇಜಿನ ವರ್ಕ್‌ಶಾಪಿನಲ್ಲಿ ಇನ್‌ಸ್ಟ್ರಕ್ಟರ್ ಆಗಿ ನಿವೃತ್ತನಾದ ಮೇಲೆ, ಜ್ಯಾಕ್ ಕೊಟ್ಟು ಮನೆ ಎತ್ತುವ ಗುತ್ತಿಗೆದಾರರೊಬ್ಬರಲ್ಲಿ ನಾನು ಮೇಲ್ವಿಚಾರಕನಾಗಿದ್ದೆ. ಏಳು ಎಂದರೆ ಏಳು. ತಡವಾಗಿ ಬಂದವನು ಆ ದಿನ ಜ್ಯಾಕಿನ ಹಿಡಿ ಮುಟ್ಟುವಂತಿರಲಿಲ್ಲ.

ಆ ಮನೆಯ ಮುಂದಿನ ಕೋಣೆಯೇ ಸುಗಂಧಿಯವರ ಚಹಾದ ಅಂಗಡಿ. ಮೊದಲು ರಸ್ತೆಯಿಂದ ಮೆಟ್ಟಿಲು ಹತ್ತಿ ಅಂಗಡಿಗೆ ಹೋಗಬೇಕಿತ್ತಂತೆ. ರಸ್ತೆಗೆ ಒಂದರ ಮೇಲೊಂದು ಪದರ ಡಾಂಬರು ಬಿದ್ದು, ಆಮೇಲೆ ಅಗಲವೂ ಆಗಿ, ಕೊನೆಗೆ ಮೆಟ್ಟಿಲಿಳಿದು ಹೋಗುವಂತಾಗಿತ್ತು. ಮಳೆಗಾಲದಲ್ಲಿ ರಸ್ತೆಯ ನೀರೆಲ್ಲ ಅಂಗಡಿಯೊಳಗೆ. ಈ ಮಳೆ ಹಿಡಿಯುವುದರೊಳಗೆ ಮನೆ ಮೇಲೇಳದಿದ್ದರೆ ಅಂಗಡಿ ಮುಚ್ಚುವುದೆಂದು ಇಬ್ಬರೂ ತೀರ್ಮಾನಿಸಿದ್ದರು. ಅವರಿಗೆ ಬೇರೆ ದುಡಿಮೆ ಇರಲಿಲ್ಲ.

ನಮ್ಮ ಕೆಲಸದ ಜೀವ ರ‍್ಯಾಚೆಟ್. ಅದೊಂದು ಹಲ್ಲಿನ ಚಕ್ರ. ಪ್ರತಿ ಹಲ್ಲಿನ ಒಂದು ಬದಿ ಇಳಿಜಾರು, ಇನ್ನೊಂದು ಬದಿ ನೆಟ್ಟಗೆ. ಚಕ್ರಕ್ಕೆ ತಾಗಿಕೊಂಡು ಸ್ಪ್ರಿಂಗ್ ಒತ್ತಿ ಹಿಡಿದ ಒಂದು ಕಬ್ಬಿಣದ ನಾಲಗೆ ಇರುತ್ತದೆ. ಅದಕ್ಕೆ ಪಾಲ್ ಎನ್ನುತ್ತೇವೆ. ಹಿಡಿಯನ್ನು ಎಳೆದಾಗ ಪಾಲ್ ನೆಟ್ಟನೆಯ ಬದಿಗೆ ಕಚ್ಚಿ ಚಕ್ರವನ್ನು ತಿರುಗಿಸುತ್ತದೆ, ಜ್ಯಾಕಿನ ಸ್ಕ್ರೂ ಏರುತ್ತದೆ. ಹಿಡಿ ಹಿಂದಕ್ಕೆ ಬರುವಾಗ ಪಾಲ್ ಇಳಿಜಾರಿನ ಮೇಲೆ ಟಕಟಕ ಎಂದು ಜಾರುತ್ತದೆ, ಸ್ಕ್ರೂ ಇದ್ದಲ್ಲೇ ಇರುತ್ತದೆ. ಏರಿದಷ್ಟು ಉಳಿಯಿತು. ನಾನು ಒಂದು ಸೀಟಿ ಊದಿದರೆ ಗೋಡೆಗಳ ಕೆಳಗಿನ ಎಲ್ಲ ಜ್ಯಾಕ್‌ಗಳ ಹಿಡಿಗೆ ಒಂದು ಎಳೆತ. ಹಾಗೆ ಇಂಚಿನ ಎಂಟರಲ್ಲೊಂದು ಭಾಗವಾದ ನೂಲಿನ ಲೆಕ್ಕದಲ್ಲಿ, ಒಂದು ನೂಲು, ಇನ್ನೊಂದು ನೂಲು ಎಂದು ಇಡೀ ಮನೆ ಏರುತ್ತದೆ. ಯೋಚಿಸಿದರೆ ಆ ಹೆದ್ದಾರಿಯೂ ರ‍್ಯಾಚೆಟ್ಟೇ. ಪ್ರತಿ ಪದರಕ್ಕೂ ಏರುತ್ತದೆ, ಒಮ್ಮೆಯೂ ಇಳಿಯುವುದಿಲ್ಲ.

ಹಿಂದಿನ ಶನಿವಾರದ ಹೊತ್ತಿಗೇ ಮನೆ ಎರಡಡಿ ಎದ್ದಿತ್ತು, ಉಳಿದದ್ದು ಒಂದಡಿ. ಆ ಸೋಮವಾರ ಸೀಟಿ ಊದುವ ಮೊದಲು ಮನೆಯವರನ್ನು ಹೊರಗೆ ಕಳಿಸಿದೆ. ದಾಮೋದರ ಬಾಗಿಲಲ್ಲೇ ನಿಂತು, "ಒಳಗೆ ಕೂತು ಮೇಲೆ ಹೋದರೆ ಟಿಕೆಟ್ ಉಂಟಾ ಮಾಷ್ಟ್ರೇ?" ಎಂದರು. ಸುಗಂಧಿ, "ಇವರನ್ನು ಎತ್ತುವ ಜ್ಯಾಕ್ ಇನ್ನೂ ಬರ್ಲಿಲ್ಲ, ಬೆಳಿಗ್ಗೆ ನಾನೇ ಎತ್ತಬೇಕು" ಎಂದರು. ಕೆಲಸದವರಿಗೆ ಭಾಷೆ ಅರ್ಥವಾಗದಿದ್ದರೂ ನಕ್ಕರು.

ಒಂಬತ್ತರ ಸುಮಾರಿಗೆ ಅಡುಗೆಮನೆಯ ಮೂಲೆಯಿಂದ ರಾಮ್‌ಕುಮಾರ್ ಕೈ ಎತ್ತಿದ. ಅಲ್ಲಿನ ಜ್ಯಾಕಿನ ಹಿಡಿ ಹಗುರವಾಗಿ ತಿರುಗುತ್ತಿದೆ ಎಂದ. ಭಾರ ಹೊತ್ತ ಹಿಡಿ ಎಂದೂ ಹಗುರವಾಗುವುದಿಲ್ಲ. ಕೂಡಲೇ ಕೆಲಸ ನಿಲ್ಲಿಸಿ ಬಗ್ಗಿ ನೋಡಿದೆ. ಸ್ಕ್ರೂ ಏರಿತ್ತು, ಪಾಲ್ ಸರಿಯಾಗಿ ಕಚ್ಚಿತ್ತು. ಆದರೆ ಅಡಿಯ ಹಲಗೆ, ಪಕ್ಕದ ಮರದ ದಿಮ್ಮಿಗಳ ಸಮೇತ ನೆಲಕ್ಕಿಳಿಯುತ್ತಿತ್ತು. ಎಲ್ಲರೂ ದೂರ ಸರಿಯಿರಿ ಎಂದು ಕೂಗಿ ನಾನು ಹೊರಗೆ ಬರುವಷ್ಟರಲ್ಲಿ ನೆಲ ಬಾಯಿಬಿಟ್ಟು ಜ್ಯಾಕನ್ನು ನುಂಗಿತು. ಮೂಲೆ ಕುಸಿಯಿತು. ಅಡುಗೆಮನೆಯ ಗೋಡೆಯಿಂದ ಹೊರಟ ಬಿರುಕು ನಡುಮನೆ ದಾಟಿ ಅಂಗಡಿಯ ಬಾಗಿಲಿನವರೆಗೆ ಹೋಯಿತು. ಯಾರಿಗೂ ಪೆಟ್ಟಾಗಲಿಲ್ಲ.

ಕೆಲಸ ಆರಂಭಿಸುವ ಮೊದಲು ಪ್ರತಿ ಮನೆಯಲ್ಲಿ ಗುಂಡಿ, ಟ್ಯಾಂಕ್, ಬಾವಿ ಎಲ್ಲೆಲ್ಲಿ ಇವೆ ಎಂದು ಕೇಳುವುದು ನನ್ನ ಕ್ರಮ. ಇಲ್ಲಿಯೂ ಕೇಳಿದ್ದೆ. ಸುಗಂಧಿ ಈಶಾನ್ಯದ ಬಾವಿ ತೋರಿಸಿ, ನೀರು ಒಳ್ಳೆಯದು ಎಂದು ಒಂದು ಕೊಡ ಸೇದಿ ಕುಡಿಯಲೂ ಕೊಟ್ಟಿದ್ದರು. ಈಗ ಕುಸಿದ ಮೂಲೆಯಲ್ಲಿ ನೀರು ಒಸರುತ್ತಿತ್ತು.

"ಇಲ್ಲಿ ಎಂತ ಇತ್ತು ಅಕ್ಕ?" ಎಂದೆ.

ಅವರು ಗಂಡನ ಮುಖ ನೋಡಿದರು.

"ಬಾವಿ," ಎಂದರು ಸುಗಂಧಿ. "ಆಗ್ನೇಯದಲ್ಲಿ ಬಾವಿ ಇರಬಾರದು ಅಂತ ಮಾವನ ಕಾಲದಲ್ಲಿ ಮುಚ್ಚಿಸಿದ್ದು. ಮುಚ್ಚಿದ ಮೇಲೆ ಅದರ ಹೆಸರು ಹೇಳಬಾರದು ಅಂತಿದ್ದರು. ನೀವು ಬಾವಿ ಎಲ್ಲುಂಟು ಅಂತ ಕೇಳಿದ್ದಲ್ವಾ? ಅದು ಈಗ ಇಲ್ಲವಲ್ಲ."

ಕಲ್ಲು ಮಣ್ಣು ತುಂಬಿ, ಅದರ ಮೇಲೆಯೇ ಅಡುಗೆಮನೆ ಕಟ್ಟಿದ್ದರು. ಉದ್ದಕ್ಕೂ ಹಂಚಿದ್ದ ಗೋಡೆಯ ಭಾರವನ್ನು ಆ ನೆಲ ಇಷ್ಟು ವರ್ಷ ಹೇಗೋ ತಾಳಿತ್ತು. ನಾವು ಆ ಭಾರವನ್ನೆಲ್ಲ ಒಂದು ಹಲಗೆಯಗಲಕ್ಕೆ ತಂದು ನಿಲ್ಲಿಸಿದ್ದೆವು.

ಮಧ್ಯಾಹ್ನ ನಮ್ಮ ಗುತ್ತಿಗೆದಾರರ ಕಚೇರಿಯ ಎಂಜಿನಿಯರ್ ಬಂದು ನೋಡಿದರು. ಇನ್ನು ಎತ್ತುವಂತಿಲ್ಲ, ಹೀಗೇ ಬಿಟ್ಟರೆ ರಸ್ತೆಗೇ ಬೀಳುತ್ತದೆ. ಇಳಿಸಿ, ನಂತರ ಕೆಡವಬೇಕು ಎಂದರು. ಸುಗಂಧಿ ನನ್ನ ಹತ್ತಿರ ಬಂದರು.

"ಇಳಿಸಿದರೆ ಮೊದಲಿನ ಹಾಗೆ ಆಗ್ತದಲ್ವಾ ಮಾಷ್ಟ್ರೇ? ನೀರು ಬಂದರೆ ಬರಲಿ. ಮೊದಲಿನ ಹಾಗಾದರೆ ಸಾಕು."

"ಇಲ್ಲ ಅಕ್ಕ," ಎಂದೆ.

ಪಾಲ್ ಅನ್ನು ಮಗುಚಿದರೆ ಸ್ಕ್ರೂ ಇಳಿಯುವ ಕಡೆಗೆ ತಿರುಗುತ್ತದೆ. ಉಳಿದ ಜ್ಯಾಕ್‌ಗಳ ಪಾಲ್‌ಗಳನ್ನು ನಾನೇ ಒಂದೊಂದಾಗಿ ಮಗುಚಿದೆ. ಎರಡಡಿ ಏರಲು ಹಿಡಿದ ದಿನಗಳೆಷ್ಟೋ. ಇಳಿಯಲು ಒಂದು ಮಧ್ಯಾಹ್ನ ಸಾಕಾಯಿತು. ಮನೆ ತನ್ನ ಹಳೆಯ ಅಡಿಪಾಯದ ಮೇಲೆ ಕುಳಿತಿತು. ಬಿರುಕು ಕೈ ತೂರುವಷ್ಟು ಹಾಗೆಯೇ ಇತ್ತು. ದಾಮೋದರ ಅದರೊಳಗೆ ಕೈಯಿಟ್ಟು ನಿಂತರು.

ನಾಲ್ಕು ಗಂಟೆಗೆ ಪಕ್ಕದ ಮನೆಯ ಒಲೆಯಲ್ಲಿ ಕಾಯಿಸಿದ ಚಹಾ ಬಂತು. ಎಲ್ಲರಿಗೂ ಕೊಟ್ಟು ಸುಗಂಧಿ ನನ್ನೆದುರು ಕಲ್ಲಿನ ಮೇಲೆ ಕುಳಿತರು. ನಾನು ಜ್ಯಾಕ್‌ಗಳನ್ನು ಒರೆಸಿ, ಎಣ್ಣೆ ಹಾಕಿ, ಪಾಲ್‌ಗಳನ್ನು ಮತ್ತೆ ಮಗುಚುತ್ತಿದ್ದೆ. ಅದು ಎಂತಕ್ಕೆ ಎಂದು ಕೇಳಿದರು. ಏರುವ ಕಡೆಗೆ ಇಟ್ಟೇ ಪೆಟ್ಟಿಗೆಗೆ ಹಾಕುವುದು ಕ್ರಮ, ನಾಳೆ ಕಾಪುವಿನಲ್ಲಿ ಒಂದು ಮನೆ ಉಂಟು ಎಂದೆ.

ಅವರು ಒಂದು ಪಾಲನ್ನು ಬೆರಳಿನಿಂದ ಒತ್ತಿ ನೋಡಿದರು.

"ಅಲ್ಲಿಯವರ ಹತ್ತಿರ ಇರುವ ಬಾವಿ ಕೇಳಬೇಡಿ," ಎಂದರು. "ಇಲ್ಲದ್ದನ್ನು ಕೇಳಿ."

ಅಂದಿನಿಂದ ಹಾಗೆಯೇ ಕೇಳುತ್ತಿದ್ದೇನೆ. ರ‍್ಯಾಚೆಟ್ ತಾನು ಏರಿಸಿದ್ದನ್ನು ಬಿಡುವುದಿಲ್ಲ. ತಾನು ಎಲ್ಲಿ ನಿಂತಿದ್ದೇನೆ ಎಂಬುದು ಅದಕ್ಕೆ ಗೊತ್ತಿಲ್ಲ. ಅಂದು ಅವರೆದುರೇ ಕೊನೆಯ ಪಾಲ್ ಮಗುಚಿದೆ. ಆಗ್ನೇಯ ಮೂಲೆಯ ಜ್ಯಾಕಿನ ಜಾಗ ಖಾಲಿಯಿದ್ದಂತೆಯೇ ಪೆಟ್ಟಿಗೆ ಮುಚ್ಚಿ ಬೀಗ ಹಾಕಿದೆ.